ಕಸಿನ್ ಎಂದರೆ ಯಾರು? ಒಂದು ಇತಿಹಾಸ ಪಾಠದ ಅನುಭವ

ಬೋಧನಾಭ್ಯಾಸದ ಮೂರನೆಯ ವಾರ ಹತ್ತನೆಯ ತರಗತಿಗೆ ಮೊದಲನೆಯ ಮಹಾಯುದ್ಧದ ಪಾಠ ನನ್ನ ಪಾಲಿಗೆ ಬಂತು. ಪೀಠಿಕೆಗೆಂದು ವಿಕ್ಟೋರಿಯಾ ರಾಣಿಯ ವಂಶವೃಕ್ಷದ ಚಾರ್ಟ್ ಬರೆದುಕೊಂಡು ಹೋಗಿದ್ದೆ. 1914ರಲ್ಲಿ ಬ್ರಿಟನ್ನಿನ ಐದನೆಯ ಜಾರ್ಜ್, ಜರ್ಮನಿಯ ಎರಡನೆಯ ವಿಲ್‌ಹೆಲ್ಮ್, ರಷ್ಯಾದ ಎರಡನೆಯ ನಿಕೊಲಸ್ ಮೂವರೂ ಕಸಿನ್‌ಗಳು ಎಂದು ಹೇಳಿ ಯುದ್ಧದ ಕಾರಣಗಳಿಗೆ ಹೋಗುವುದು ನನ್ನ ಯೋಜನೆ.

ಹಿಂದಿನ ಬೆಂಚಿನ ಹುಡುಗಿ ಎದ್ದು, “ಮಿಸ್, ಕಸಿನ್ ಅಂದ್ರೆ ಅಣ್ಣತಮ್ಮಂದಿರಾ, ಭಾವಮೈದುನರಾ?” ಎಂದಳು.

ಚಾರ್ಟ್ ಪಕ್ಕಕ್ಕಿಟ್ಟು ಕಪ್ಪುಹಲಗೆಯ ಮೇಲೆ ಮಕ್ಕಳಿಂದಲೇ ಬಿಡಿಸಿದೆ. ವಿಲ್‌ಹೆಲ್ಮನ ತಾಯಿ ಜಾರ್ಜನ ತಂದೆ ಏಳನೆಯ ಎಡ್ವರ್ಡನ ಅಕ್ಕ. ಹಾಗಾದರೆ ವಿಲ್‌ಹೆಲ್ಮ್ ಸೋದರತ್ತೆಯ ಮಗ, ವಯಸ್ಸಿನಲ್ಲೂ ದೊಡ್ಡವನು, ಭಾವ. ನಿಕೊಲಸನ ತಾಯಿ ಜಾರ್ಜನ ತಾಯಿಯ ತಂಗಿ, ಇಬ್ಬರೂ ಡೆನ್ಮಾರ್ಕಿನ ರಾಜಕುಮಾರಿಯರು. ಚಿಕ್ಕಮ್ಮನ ಮಗ ನಿಕೊಲಸ್, ತಮ್ಮ. ಅವನು ವಿಕ್ಟೋರಿಯಾಳ ಮೊಮ್ಮಗನಲ್ಲ, ಮೊಮ್ಮಗಳ ಗಂಡ. ನನ್ನ ಚಾರ್ಟಿನಲ್ಲಿ ಅವನನ್ನು ಮೊಮ್ಮಕ್ಕಳ ಸಾಲಿಗೇ ಸೇರಿಸಿಬಿಟ್ಟಿದ್ದೆ! ವಿಕ್ಟೋರಿಯಾ 1840ರಲ್ಲಿ ಮದುವೆಯಾದ ಆಲ್ಬರ್ಟ್ ಅವಳ ಸೋದರಮಾವನ ಮಗನೆಂದಾಗ ತರಗತಿಯಿಡೀ ನಕ್ಕಿತು. “ನಮ್ಮನೇಲೂ ಹಂಗೇ ಮಿಸ್” ಎಂದವರು ಇಬ್ಬರು.

ಜರ್ಮನ್ ವಿರೋಧಿ ಭಾವನೆಗೆ ಅಂಜಿ 1917ರ ಜುಲೈ 17ರಂದು ಜಾರ್ಜ್ ಮನೆತನದ ಜರ್ಮನ್ ಹೆಸರು ಬಿಟ್ಟು ವಿಂಡ್ಸರ್ ಎಂದು ಇಟ್ಟುಕೊಂಡದ್ದನ್ನು ಹೇಳಿದೆ. ಸರಿಯಾಗಿ ಒಂದು ವರ್ಷಕ್ಕೆ ಯೆಕಾಟರಿನ್‌ಬರ್ಗಿನಲ್ಲಿ ಬೊಲ್ಷೆವಿಕರು ನಿಕೊಲಸನ ಕುಟುಂಬವನ್ನು ಗುಂಡಿಟ್ಟು ಕೊಂದರು. ಬ್ರಿಟನ್ ಮೊದಲು ಆಶ್ರಯ ಕೊಡುವೆನೆಂದು ಆಮೇಲೆ ಹಿಂದೆಗೆದಿತ್ತು.

“ತಮ್ಮನ್ನ ಯಾಕೆ ಕರೆಸ್ಕೊಳ್ಳಲಿಲ್ಲ ಮಿಸ್?” ಎಂದ ಒಬ್ಬ ಹುಡುಗ. ಅಲ್ಲಿಯವರೆಗೆ ಕಸಿನ್ ಆಗಿದ್ದವನು ತಮ್ಮನಾದ ಮೇಲೆ ಬಂದ ಪ್ರಶ್ನೆ ಅದು. ಬ್ರಿಟನ್ನಿನದು ಸಾಂವಿಧಾನಿಕ ರಾಜಪ್ರಭುತ್ವ, ನಿರ್ಧಾರ ಮಂತ್ರಿಮಂಡಲದ್ದು, ರಾಜನ ಕೈಯಲ್ಲಿ ಏನೂ ಇರಲಿಲ್ಲ ಎಂದೆ. ಅವನು ಕುಳಿತ. ಮಾರ್ಗದರ್ಶಕ ಉಪನ್ಯಾಸಕರು ನನ್ನ ವೀಕ್ಷಣಾ ಪುಸ್ತಕದಲ್ಲಿ “ಉತ್ತರ ಅಚ್ಚುಕಟ್ಟಾಗಿದೆ, ನಿಜವೇ ನೋಡಿ” ಎಂದು ಬರೆದರು.

ಅಂದು ರಾತ್ರಿ ಓದಿದೆ. ಆಶ್ರಯ ಕೊಡಲು ಒಪ್ಪಿದ್ದು ಮಂತ್ರಿಮಂಡಲವೇ. ಕಾರ್ಮಿಕರ ಸಿಟ್ಟು ತನ್ನ ಸಿಂಹಾಸನಕ್ಕೆ ತಟ್ಟೀತೆಂದು ಹೆದರಿ, ಖಾಸಗಿ ಕಾರ್ಯದರ್ಶಿ ಸ್ಟ್ಯಾಮ್‌ಫರ್ಡ್‌ಹ್ಯಾಮ್ ಮೂಲಕ ಪತ್ರದ ಮೇಲೆ ಪತ್ರ ಬರೆಸಿ ತಡೆದವನು ಜಾರ್ಜ್. ತಪ್ಪು ದಶಕಗಳ ಕಾಲ ಪ್ರಧಾನಿ ಲಾಯ್ಡ್ ಜಾರ್ಜರ ತಲೆಗೆ ಕಟ್ಟಿತ್ತು. ನಾನೂ ಅದನ್ನೇ ಮಾಡಿದ್ದೆ.

ಮರುದಿನ ಮೊದಲ ಹತ್ತು ನಿಮಿಷ, ನಿನ್ನೆ ಹೇಳಿದ್ದು ತಪ್ಪು ಎಂಬುದಕ್ಕೇ ಹೋಯಿತು. “ಹಾಗಾದ್ರೆ ರಾಜಂಗೆ ಅಧಿಕಾರ ಇತ್ತಾ, ಇರ್ಲಿಲ್ವಾ?” ಎಂದು ಅದೇ ಹುಡುಗ ಕೇಳಿದ. ಆಜ್ಞೆ ಮಾಡುವ ಅಧಿಕಾರ ಇರಲಿಲ್ಲ, ಒತ್ತಡ ಹಾಕುವ ಪ್ರಭಾವ ಇತ್ತು ಎಂದೆ. ಆ ಎರಡು ಪದಗಳ ವ್ಯತ್ಯಾಸಕ್ಕೆ ಇನ್ನೂ ಹತ್ತು ನಿಮಿಷ ಬೇಕಾಯಿತು. ವರ್ಸೇಲ್ಸ್ ಒಪ್ಪಂದ ಮುಂದಿನ ಅವಧಿಗೆ ಉಳಿಯಿತು, ಸಮಯ ನಿರ್ವಹಣೆಯಲ್ಲಿ ನನಗೆ ಅಂಕ ಕಡಿಮೆ ಬಂತು. ಚಾರ್ಟನ್ನು ತಿದ್ದಿ, ಸಂಬಂಧಗಳನ್ನೆಲ್ಲ ಕನ್ನಡದಲ್ಲೇ ಬರೆದು ಶಾಲೆಗೆ ಕೊಟ್ಟು ಬಂದಿದ್ದೇನೆ.