ಹಳೆಯ ಉಯಿಲಿಗೆ ಹೊಸ ಸನ್ನಿವೇಶ

ಪ್ರಶ್ನೆ: ಕೃಷ್ಣರಾಜಪೇಟೆ ತಾಲ್ಲೂಕಿನ ರೈತ ನಾನು. ಜಮೀನೆಲ್ಲವನ್ನೂ ಮಗನಿಗೆಂದು ಹಿಂದೆಯೇ ಉಯಿಲು ಬರೆದಿದ್ದೆ. ಈಗ ಮಗಳು ಗಂಡನನ್ನು ಕಳೆದುಕೊಂಡು ಮನೆಗೆ ಬಂದಿದ್ದಾಳೆ. ಪಟ್ಟಣದಲ್ಲಿ ನಿವೇಶನವೊಂದನ್ನೂ ಕೊಂಡಿದ್ದೇನೆ. ಉಯಿಲನ್ನು ಬದಲಿಸಬಹುದೆ?

ಉತ್ತರ: ಬದಲಿಸಬಹುದು. ವಿವಾಹ, ಜನನ, ಮರಣ, ಕ್ರಯವಿಕ್ರಯಗಳಲ್ಲಿ ಯಾವುದೊಂದು ಸಂಭವಿಸಿದರೂ ಉಯಿಲನ್ನು ಪುನಃ ಪರಿಶೀಲಿಸುವುದು ಯುಕ್ತವಾದುದರಿಂದ, ತಾವು ಸ್ವಸ್ಥಚಿತ್ತರಾಗಿರುವಾಗಲೇ, ಪೂರ್ವದ ಉಯಿಲನ್ನು ರದ್ದುಪಡಿಸಿರುವುದಾಗಿ ಸ್ಪಷ್ಟಪಡಿಸುವ ನೂತನ ಉಯಿಲನ್ನು ಬರೆಯತಕ್ಕದ್ದು. ಸ್ವಯಾರ್ಜಿತವನ್ನು ಇಚ್ಛಾನುಸಾರ ಹಂಚಬಹುದಾದರೂ, ಪಿತ್ರಾರ್ಜಿತದಲ್ಲಿ ತಮ್ಮ ಪಾಲಿನ ಮೇಲೆ ಮಾತ್ರವೇ ತಮಗೆ ಅಧಿಕಾರ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯಂತೆ ಅಲ್ಲಿ ಮಗಳೂ ಮಗನಿಗೆ ಸಮಾನಳು. ಪಹಣಿಯ ಸರ್ವೆ ನಂಬರುಗಳನ್ನೂ ನಿವೇಶನದ ಚೆಕ್ಕುಬಂದಿಯನ್ನೂ ನಮೂದಿಸಿ, ಫಲಾನುಭವಿಗಳಲ್ಲದ ಇಬ್ಬರು ಸಾಕ್ಷಿಗಳಿಂದ ರುಜು ಮಾಡಿಸಿರಿ. ನೋಂದಣಿ ಕಡ್ಡಾಯವಲ್ಲವಾದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸುವುದು ಕ್ಷೇಮಕರ. ಪಿತ್ರಾರ್ಜಿತವು ಬೆರೆತಿದ್ದರೆ, ಅಥವಾ ಮಗನ ಆಕ್ಷೇಪಣೆಯನ್ನು ಶಂಕಿಸುವಿರಾದರೆ, ಬರೆಯುವ ಮುನ್ನವೇ ವಕೀಲರನ್ನು ಕಾಣತಕ್ಕದ್ದು.