ಆಪರೇಷನ್‌ಗೆ ಮೊದಲೇ ನೋವಿನ ಔಷಧಿ ಯಾಕೆ?



ನಮ್ಮ ಪಾಳಾ ಕಡೆಯವರು ಹೃದಯದ ಆಪರೇಷನ್‌ಗೆ ಹುಬ್ಬಳ್ಳಿ, ಧಾರವಾಡ ಇಲ್ಲವೇ ಬೆಂಗಳೂರಿನ ಜಯದೇವ ಆಸ್ಪತ್ರೆಯ ದಾರಿ ಹಿಡಿಯಬೇಕು. ಖರ್ಚಿನ ಮಾತು ಸಂಘದ ಸಭೆಯಲ್ಲಿ ಆಗುತ್ತದೆ. ನೋವಿನ ಮಾತು ಬಂದರೆ ಮಾತ್ರ "ಆಪರೇಷನ್ ಅಂದ್ಮ್ಯಾಲೆ ನೋವು ಇರೋದೇ, ತಡ್ಕೋಬೇಕ್ರಿ" ಅಂದು ಮುಗಿಸುತ್ತೇವೆ.

ಹೃದಯ ತೆರೆದು ಮಾಡುವ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಎದೆಯ ನಡುವಿನ ಎಲುಬನ್ನು ಕೊಯ್ದು, ಕೊನೆಗೆ ತಂತಿಯಿಂದ ಬಿಗಿಯುತ್ತಾರೆ. ಆಮೇಲೆ ಕೆಮ್ಮಿದರೂ ನೋವು, ಉಸಿರು ಎಳೆದರೂ ನೋವು. ನೋವಿಗೆ ಹೆದರಿ ಕೆಮ್ಮದೇ ಇದ್ದರೆ ಕಫ ಒಳಗೇ ನಿಂತು ನ್ಯುಮೋನಿಯಾ ಆಗಬಹುದು. ಆದ್ದರಿಂದ ತಡೆದುಕೊಳ್ಳುವುದು ಧೈರ್ಯವಲ್ಲ, ಅಪಾಯ.

ಅರಿವಳಿಕೆಯಲ್ಲಿ ನಾವು ನಿದ್ದೆಯಲ್ಲಿದ್ದರೂ ಕೊಯ್ದ ಜಾಗದ ನರಗಳು ಬೆನ್ನುಹುರಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಅದರಿಂದ ಬೆನ್ನುಹುರಿ ಕೆರಳಿ, ಆಮೇಲೆ ಸಣ್ಣ ನೋವೂ ದೊಡ್ಡದಾಗಿ ಕಾಣುತ್ತದೆ. ಆ ಸುದ್ದಿಯನ್ನು ಮೊದಲೇ ತಡೆಯಬೇಕು ಅನ್ನುವುದು ವೈದ್ಯರ ವಿಚಾರ. ಅದಕ್ಕೇ ಕೆಲವರಿಗೆ ಆಪರೇಷನ್‌ಗೆ ಮೊದಲೇ ಪ್ಯಾರಾಸಿಟಮಾಲ್, ಗ್ಯಾಬಾಪೆಂಟಿನ್, ಪ್ರಿಗ್ಯಾಬಾಲಿನ್‌ನಂಥ ಔಷಧಿ ಅಥವಾ ನರ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದುಂಟು. ಇದರಿಂದ ನೋವು ಪೂರ್ತಿ ಹೋಗುತ್ತದೆ ಅಂತಲ್ಲ. ಮಾರ್ಫಿನ್ ಜಾತಿಯ ಔಷಧಿ ಕಡಿಮೆ ಸಾಕಾಗಬಹುದು, ಅಷ್ಟೇ. ಪ್ರಿಗ್ಯಾಬಾಲಿನ್‌ನಿಂದ ತಲೆಸುತ್ತು, ಮಂಪರು ಬರುತ್ತದೆ. ವಯಸ್ಸಾದವರಿಗೆ, ಶ್ವಾಸಕೋಶದ ರೋಗ ಇದ್ದವರಿಗೆ ಉಸಿರಾಟ ನಿಧಾನವಾಗಬಹುದು ಎಂದು 2019ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿದೆ. ಹಾಗಾಗಿ ಎಲ್ಲರಿಗೂ ಕೊಡುವುದಿಲ್ಲ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. "ಮೊದಲೇ ಕೊಡ್ತಾರಂತ, ನಾವೇ ತಗೊಂಡ್ರಾತು" ಅಂತ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಬೇಡಿ. ಗದ್ದೆ ಕೆಲಸ ಮಾಡಿ ಸೊಂಟ ಹಿಡಿದಾಗ ನುಂಗುವ ಅದೇ ಗುಳಿಗೆಗಳು ಇವು. ಬೈಪಾಸ್ ಆಪರೇಷನ್ ಹೊತ್ತಿನಲ್ಲಿ ಇವುಗಳಿಂದ ಹೃದಯಾಘಾತ, ಪಾರ್ಶ್ವವಾಯುವಿನ ಭಯವಿದೆ, ಕಿಡ್ನಿಗೂ ಪೆಟ್ಟು. ದಿನಾ ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ಅರಿವಳಿಕೆ ಡಾಕ್ಟರಿಗೆ ತೋರಿಸಿ. ಆಸ್ಪಿರಿನ್ ಇದ್ದರೆ ಅದನ್ನು ನಿಲ್ಲಿಸುವುದೋ ಬಿಡುವುದೋ ಅವರೇ ಹೇಳಲಿ.

ಆಪರೇಷನ್ ಆದ ಮೇಲೆ ನರ್ಸ್ "ನೋವು ಹತ್ತರಲ್ಲಿ ಎಷ್ಟು?" ಎಂದು ಕೇಳುತ್ತಾರೆ. ಸಂಕೋಚ ಬೇಡ, ಎಂಟಿದ್ದರೆ ಎಂಟು ಅನ್ನಿ. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿ ಹಿಡಿಯಿರಿ.

ಎಲುಬು ಕೂಡಲು 6ರಿಂದ 8 ವಾರ ಬೇಕು. ಅಷ್ಟು ದಿನ ತುಂಬಿದ ಕೊಡ, ಕಟ್ಟಿಗೆ ಹೊರೆ ಎತ್ತಬಾರದು. ಆ ಕೆಲಸ ಯಾರು ಮಾಡುತ್ತಾರೆ ಎಂದು ಬಸ್ಸು ಹತ್ತುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.