ಹೊರಡುವ ಮುನ್ನ ತಲೆ ಎಣಿಸಿ

ನವೆಂಬರ್‌ನಲ್ಲಿ ಎಂಟು ಜನ ಸೇರಿ ಕುಮಾರ ಪರ್ವತ ಹತ್ತುತ್ತೀರಂತೆ. ಕೇಳಿ ಖುಷಿಯಾಯಿತು ಮಕ್ಕಳೇ. ಬೇಡ ಅನ್ನುವ ಹಿರಿಯ ನಾನಲ್ಲ, ಮಳೆ ಬಿಟ್ಟ ಮೇಲಿನ ಆ ಹುಲ್ಲುಗಾವಲನ್ನು ಈ ವಯಸ್ಸಿನಲ್ಲೇ ನೋಡಬೇಕು. ಆದರೆ ಒಂದು ಮಾತು ಕಿವಿಗೆ ಹಾಕಿಕೊಳ್ಳಿ. ಕಾಡಿನಲ್ಲಿ ಆನೆಗಿಂತ, ಹಾವಿಗಿಂತ ನನಗೆ ಹೆಚ್ಚು ಭಯ ಗುಂಪು ಚೆದುರುವುದರದ್ದು.

ಮೂವತ್ತು ವರ್ಷದ ಹಿಂದೆ ಕಾಲೇಜಿನ ಹುಡುಗರನ್ನು ಇದೇ ಬೆಟ್ಟಕ್ಕೆ ಕರೆದೊಯ್ದಿದ್ದೆ. ಇಳಿಯುವಾಗ ಶೇಷ ಪರ್ವತದ ಹತ್ತಿರ ಮಂಜು ಕವಿಯಿತು. ಹಿಮ್ಮಡಿಗೆ ಬೊಬ್ಬೆ ಎದ್ದಿದ್ದ ಒಬ್ಬ ಹುಡುಗ ನಿಧಾನವಾದ. ಮುಂದಿದ್ದವರು ಅವನು ಹಿಂದಿನವರ ಜೊತೆ ಇದ್ದಾನೆ ಎಂದುಕೊಂಡರು, ಹಿಂದಿದ್ದವರು ಅವನು ಮುಂದೆ ಹೋಗಿರಬೇಕು ಎಂದುಕೊಂಡರು. ಗಿರಿಗದ್ದೆಯಲ್ಲಿ ಊಟಕ್ಕೆ ಎಲೆ ಹಾಕಿದಾಗ ಒಂದು ಎಲೆ ಮಿಕ್ಕಿತು. ಅನ್ನ ಬಿಟ್ಟು ಎದ್ದು, ಊರಿನ ಇಬ್ಬರ ಜೊತೆ ಟಾರ್ಚ್ ಹಿಡಿದು ಮತ್ತೆ ಹತ್ತಿದೆ. ಹುಡುಗ ಕಲ್ಲು ಮಂಟಪದ ಕಂಬಕ್ಕೆ ಒರಗಿ ಕೂತಿದ್ದ. ಬೂಟು ಬಿಚ್ಚಿ ಪಕ್ಕದಲ್ಲಿಟ್ಟಿದ್ದ, ಕಾಲ್ಚೀಲ ರಕ್ತಕ್ಕೆ ಅಂಟಿತ್ತು. ಕೂಗಿ ಕೂಗಿ ಸ್ವರವೇ ಹೊರಡುತ್ತಿರಲಿಲ್ಲ. ತಪ್ಪು ಅವನದಲ್ಲ, ತಲೆ ಎಣಿಸದ ನನ್ನದು.

ಅದಕ್ಕೇ ಹೇಳುತ್ತೇನೆ, ನಿಮ್ಮಲ್ಲಿ ಯಾರ ನಡಿಗೆ ನಿಧಾನವೋ ಅವರನ್ನು ಮುಂದೆ ಬಿಡಿ. ಗಟ್ಟಿಗ ಒಬ್ಬ ಔಷಧಿಯ ಚೀಲ ಹೊತ್ತು ಎಲ್ಲರಿಗಿಂತ ಹಿಂದೆ ಬರಲಿ, ಅವನಿಗಿಂತ ಹಿಂದೆ ಯಾರೂ ಉಳಿಯಬಾರದು. ದಾರಿ ಕವಲೊಡೆದಲ್ಲಿ, ನೀರು ಕುಡಿಯಲು ನಿಂತಲ್ಲಿ ಒಂದರಿಂದ ಎಂಟರವರೆಗೆ ಬಾಯಿಬಿಟ್ಟು ಎಣಿಸಿ. ಎಲ್ಲರ ಕೊರಳಲ್ಲೂ ಸೀಟಿ ಇರಲಿ. ಮೂರು ಸಲ ಊದಿದರೆ ತೊಂದರೆ ಎಂದು ಮನೆಯಲ್ಲೇ ಮಾತಾಡಿಕೊಳ್ಳಿ. ಮಂಜಿನಲ್ಲಿ ದಾರಿ ತಪ್ಪಿದವರು ಮುಂದೆ ನಡೆಯದೆ ಅಲ್ಲೇ ಕೂರಬೇಕು.

ಬೆಟ್ಟದ ಎತ್ತರ 1712 ಮೀಟರ್. ಕುಕ್ಕೆ ಕಡೆಯಿಂದ ಹೋದರೆ ಅದರಲ್ಲಿ ಸಾವಿರದೈನೂರಕ್ಕೂ ಹೆಚ್ಚು ಮೀಟರ್ ನಿಮ್ಮ ಕಾಲೇ ಹತ್ತಬೇಕು. ಹೊಸ ಬೂಟು ಹಾಕಿಕೊಂಡು ಹೋಗಬೇಡಿ. ಒಂದು ತಿಂಗಳು ಮೊದಲೇ ಅದನ್ನು ಹಾಕಿ ಮೆಟ್ಟಿಲು ಹತ್ತಿ ಇಳಿಯಿರಿ. ಕಾಡು ದಾಟಿದ ಮೇಲೆ ನೆರಳಿಲ್ಲ, ತಲೆಗೆ ಮೂರು ಲೀಟರ್ ನೀರು ಬೇಕು. ಇಂತಿಷ್ಟು ಗಂಟೆಗೆ ತುದಿ ಮುಟ್ಟದಿದ್ದರೆ ಇದ್ದಲ್ಲಿಂದಲೇ ತಿರುಗುವುದು ಎಂದು ಹೊರಡುವ ಮೊದಲೇ ತೀರ್ಮಾನಿಸಿ. ಮೇಲೆ ಹೋದ ಮೇಲೆ ಆ ಬುದ್ಧಿ ಬರುವುದಿಲ್ಲ, ತುದಿ ಕಣ್ಣೆದುರೇ ಕಾಣುತ್ತಿರುತ್ತದೆ.

ಆ ಬೆಟ್ಟ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಅನುಮತಿ ತಂದು, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು. ಕದ್ದು ಹತ್ತುವ ಯೋಚನೆಯೇ ಬೇಡ. ನೀವು ಸಂಜೆಗೆ ಇಳಿಯದಿದ್ದರೆ ಹುಡುಕಲು ಹೊರಡುವವರಿಗೆ ಸಿಗುವುದು ಅನುಮತಿಗೆ ಬರೆಸಿದ ಹೆಸರೊಂದೇ. ದಾರಿ, ಹಿಂದಿರುಗುವ ಹೊತ್ತು, ಎಂಟು ಮನೆಯ ಫೋನ್ ನಂಬರು ಬರೆದ ಚೀಟಿಯೊಂದನ್ನು ನನ್ನ ಕೈಗೂ ಕೊಡಿ.

ಇಂಬಳ ಕಚ್ಚಿದರೆ ಗಾಬರಿ ಬೇಡ, ಉಪ್ಪು ಮುಟ್ಟಿಸಿದರೆ ಬಿದ್ದುಹೋಗುತ್ತದೆ. ಉಣ್ಣೆಯನ್ನು ಮಾತ್ರ ಹಗುರ ಮಾಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಚಳಿಗಾಲ ಬಂದಂತೆ ಅದರ ಕಾಲ. ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟನ್ನು ಕಾಲ್ಚೀಲದೊಳಗೆ ಸಿಕ್ಕಿಸಿ. ಇಳಿದ ದಿನವೇ ಬಿಸಿನೀರು ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಎಂದು ಡಾಕ್ಟರಿಗೆ ಹೇಳಲೇಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲುಗಾಡದಂತೆ ಹೊತ್ತು ಇಳಿಸಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷದ ಮದ್ದು ಇದೆ ಎಂದು ಹೋಗುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಸ್ಪೀಕರ್ ಮನೆಯಲ್ಲಿ ಬಿಡಿ. ಅದರ ಸದ್ದಿಗೆ ಹೆಜ್ಜೇನು ಎದ್ದರೆ ಓಡಲು ಅಲ್ಲಿ ಜಾಗವಿಲ್ಲ.

ಎಂಟು ಸೀಟಿ ತಂದು ಕಪಾಟಿನಲ್ಲಿಟ್ಟಿದ್ದೇನೆ. ಭಾನುವಾರ ಎಂಟೂ ಜನ ಮನೆಗೆ ಬನ್ನಿ, ನಿಮ್ಮ ಬೂಟು ಹಾಕಿಕೊಂಡೇ ಬನ್ನಿ.